ಮಾಸ್ತರರ ರೆಡಿ

ನಮ್ಮ ಬೀದಿಯ ಟೈಲರ್ ಮಾಸ್ತರರಿಗೆ ಇಂಗ್ಲಿಷಿನಲ್ಲಿ ಬರುವುದು ಒಂದೇ ಪದ, ‘ರೆಡಿ’. ಅದೊಂದನ್ನೇ ಹಿಡಿದು ಅವರು ಮೂವತ್ತು ವರ್ಷ ನಿರಾತಂಕವಾಗಿ ರಾಜ್ಯಭಾರ ಮಾಡಿದ್ದಾರೆ.

ಬಟ್ಟೆ ಕೊಟ್ಟ ವಾರಕ್ಕೆ ಹೋಗಿ ಕೇಳಿದಾಗ “ರೆಡಿ” ಎಂದರೆ, ಬಟ್ಟೆ ಇನ್ನೂ ಕಳೆದುಹೋಗಿಲ್ಲ ಎಂದರ್ಥ. ತಲೆ ಎತ್ತದೆ “ರೆಡಿ” ಎಂದರೆ ಕತ್ತರಿ ಬಿದ್ದಿದೆ. “ರೆಡೀನೇ ಅಲ್ವಾ” ಎಂದು ರಾಗ ಎಳೆದರೆ ಗುಂಡಿ, ಕಾಜಾ ಬಾಕಿ. ನೀವು ಹೊಸ್ತಿಲು ತುಳಿಯುವ ಮೊದಲೇ ಅವರಾಗಿ “ರೆಡಿ, ರೆಡಿ” ಎಂದರೋ, ನಿಮ್ಮ ಅಂಗಿಗೆ ಬೇರೆ ಯಾರದೋ ತೋಳು ಕೂತಿದೆ. ಗಿರಾಕಿಗಳು ಬೈಯುತ್ತಾರೆ, ಮತ್ತೆ ಅಲ್ಲಿಗೇ ಬರುತ್ತಾರೆ. ಹೊಲಿಗೆ ಅಷ್ಟು ಚೆನ್ನ.

ಮನೆಯವರ ಬಟ್ಟೆ ಮಾತ್ರ ಯಾವಾಗಲೂ ಗಂಟಿನ ತಳದಲ್ಲಿ. ಮನೆಯವರು ಎಲ್ಲಿಗೂ ಓಡಿಹೋಗುವುದಿಲ್ಲ ಎಂಬುದು ಮಾಸ್ತರರ ವ್ಯಾಪಾರ ನೀತಿ. ಮಗಳಿಗೆ ವಿಮಾ ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಇಂಟರ್‌ವ್ಯೂ. ಕಪ್ಪು ಕೋಟು ಕಡ್ಡಾಯವೆಂದು ಪತ್ರದಲ್ಲೇ ಬರೆದಿತ್ತು. ಮೂರು ವಾರದ ಹಿಂದೆ ಅವಳು ಕೊಟ್ಟ ಬಟ್ಟೆ ಮೇಲೆ ತೇಲಿದ್ದು ಗುರುವಾರ.

ಅಂದು ಎಡತೋಳು ಕೂರಿಸಿದರು. ಇಸ್ತ್ರಿಯ ಕಾವಿಗೆ ಬಂದ ಬೆವರು ಒರೆಸಲು ಕನ್ನಡಕ ತೆಗೆದು, ಮೇಜಿನ ಮೇಲೆ ಹಾಸಿದ್ದ ಬಲತೋಳಿನ ಮೇಲಿಟ್ಟರು. ಹಾಗೆಯೇ ಅದರ ಮೇಲೆ ಒದ್ದೆ ಬಟ್ಟೆ ಹಾಸಿ, ವೀರಾವೇಶದಿಂದ ಇಸ್ತ್ರಿ ಒತ್ತಿದರು. ಉಬ್ಬು ಕಾಣಬೇಕಾದರೆ ಕಣ್ಣಿಗೆ ಕನ್ನಡಕ ಬೇಕಿತ್ತು. ಅದು ಅಡಿಯಲ್ಲಿ ಲಟಕ್ಕೆಂದಿತು.

ಒಂದೊಂದು ಕಣ್ಣಿಗೆ ಒಂದೊಂದು ನಂಬರು. ಅಂಥದ್ದು ಸಿದ್ಧವಾಗಿ ಎಲ್ಲೂ ಸಿಗದು. ಕನ್ನಡಕದಂಗಡಿಯವನು “ಶನಿವಾರ ಬನ್ನಿ ಯಜಮಾನ್ರೇ, ರೆಡಿ ಇರತ್ತೆ” ಎಂದ.

ಶನಿವಾರ ಅವನು ತಲೆ ಎತ್ತದೆ “ರೆಡಿ” ಎಂದ.

ಮಾಸ್ತರರು ಮುಂದಕ್ಕೆ ಬಾಗಿದರು. “ಗಾಜು ಈಗಷ್ಟೇ ಕೊಯ್ದಿದ್ದೀರಾ?”

“ನಿಮಗೆ ಹೇಗೆ ಗೊತ್ತಾಯ್ತು?”

ಭಾನುವಾರ ಹೋದಾಗ ಅವನು “ರೆಡೀನೇ ಅಲ್ವಾ” ಎಂದ. ಮಾಸ್ತರರು ಮುಂದಿನದನ್ನು ಕೇಳದೆ ವಾಪಸಾದರು.

“ನಾಲ್ಕು ಮಾತು ಬೈದು ಬರೋಕಾಗಲಿಲ್ವಾ?” ಎಂದರು ಹೆಂಡತಿ.

“ಏನಂತ ಬೈಲಿ? ಅವನ ಬಾಯಲ್ಲಿ ಬರೋದೆಲ್ಲ ನನ್ನ ಮಾತೇ ಕಣೇ.”

ಹೆಂಡತಿಯ ಕನ್ನಡಕ ಹಾಕಿದರೆ ಸೂಜಿ ಎರಡಾಗಿ ಕಾಣುತ್ತಿತ್ತು; ಎರಡರಲ್ಲಿ ಯಾವುದಕ್ಕೂ ದಾರ ಹೋಗಲಿಲ್ಲ. ಆಕೆಯೇ ಪೋಣಿಸಿಕೊಟ್ಟರು. ಮಾಸ್ತರರು ಕೈಯಂದಾಜಿನಲ್ಲೇ ಬಲತೋಳು ಹಚ್ಚಿದರು. ಮಗಳು ತೊಟ್ಟು ನೋಡಿದರೆ ಮೊಣಕೈ ಮುಂದಕ್ಕೆ ಮಡಚಬೇಕಾದ ತೋಳು ಹಿಂದಕ್ಕೆ ತಿರುಗಿತ್ತು. ಬಿಚ್ಚಿದರು. ಇನ್ನೊಮ್ಮೆ ಹಚ್ಚಿದಾಗ ಹೆಗಲು ಕಿವಿಯ ಹತ್ತಿರ ಬಂತು. ಅದನ್ನೂ ಬಿಚ್ಚಿದರು. ಊರೆಲ್ಲಕ್ಕೂ ತೋಳು ಕೊಟ್ಟ ಮನುಷ್ಯ ಬರಿಗೈಯಲ್ಲಿ ಕೂತರು.

ಸೋಮವಾರ ಬೆಳಿಗ್ಗೆ ಮಗಳು ತಲೆ ಬಾಚಿಕೊಂಡು ಬಂದು ನಿಂತಳು.

“ಅಪ್ಪಾ, ಆಯ್ತಾ?”

ಮಾಸ್ತರರ ಬಾಯಿ ತೆರೆಯಿತು. ಮೂವತ್ತು ವರ್ಷ ಕೈಬಿಡದ ಪದ ಅಂದು ಕೈಕೊಟ್ಟಿತು. “ಇಲ್ಲಮ್ಮ” ಎಂದರು.

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಕೋಟನ್ನು ಎಡತೋಳು ಮೇಲೆ ಬರುವಂತೆ ಮಡಚಿ, ಮುಂಗೈ ಮೇಲೆ ಹಾಕಿಕೊಂಡಳು. ನೋಡಿದವರು ದೊಡ್ಡ ಅಧಿಕಾರಿ ಎನ್ನಬೇಕು, ಹಾಗಿತ್ತು.

“ಅಲ್ಲಿ ಹಾಕ್ಕೊಳ್ಳಿ ಅಂದ್ರೆ ಏನ್ ಮಾಡ್ತೀಯೇ?” ಎಂದರು ತಾಯಿ.

“ಸೆಕೆ ಅಂತೀನಿ.”

ಹೊರಗೆ ಬಾಯಿಂದ ಹೊಗೆ ಬರುವಷ್ಟು ಚಳಿ. ಮಾಸ್ತರರು ಬಲತೋಳನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. ಹತ್ತಿರದ್ದು ಕಾಣದ ಆ ಕಣ್ಣಿಗೆ ದೂರದ್ದು ಚೊಕ್ಕವಾಗಿ ಕಾಣುತ್ತದೆ. ಬೀದಿಯ ತುದಿಯ ಬಸ್ ಸ್ಟಾಪಿನಲ್ಲಿ ಮಗಳು ನಡುಗುತ್ತ, ಕೋಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ, ಪ್ರತಿ ಸಲವೂ ಮಡಿಕೆಯನ್ನು ಜೋಪಾನವಾಗಿ ಸರಿಮಾಡಿಕೊಳ್ಳುತ್ತಿದ್ದುದು ಅವರಿಗೆ ಬಸ್ಸು ಬರುವವರೆಗೂ ಕಾಣಿಸುತ್ತಲೇ ಇತ್ತು.