ಮಾದಮ್ಮತ್ತೆ ಒಗೆದ ಅಂಗಿಗಳು

ಊರಲ್ಲಿ ಯಾರಾದರೂ ತೀರಿಕೊಂಡರೆ, ಹಾಲುತುಪ್ಪ ಕಳೆದ ಮಾರನೆಯ ದಿನ ಮಾದಮ್ಮತ್ತೆ ಆ ಮನೆಯ ಜಗುಲಿಗೆ ಬಂದು ಕೂರುತ್ತಿದ್ದಳು. ಕಾಫಿ ಕೊಟ್ಟರೆ ಕುಡಿಯುತ್ತಿರಲಿಲ್ಲ. ಅಳುವವರ ಜೊತೆ ಅಳುತ್ತಲೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳುತ್ತಿದ್ದಳು: "ಬಟ್ಟೆ ಏನ್ ಮಾಡೀರಿ?"

ನಮ್ಮೂರು ಶಾಗ್ಯದಲ್ಲಿ ಸತ್ತವರ ಬಟ್ಟೆಯನ್ನು ಗಂಟು ಕಟ್ಟಿ ಹಳ್ಳಕ್ಕೆ ಎಸೆದು ಬರುತ್ತಿದ್ದರು. ಮನೆಯಲ್ಲಿಟ್ಟುಕೊಂಡರೆ ಹೋದವರು ಹುಡುಕಿಕೊಂಡು ಬರುತ್ತಾರೆಂಬ ಭಯ. ಆ ಗಂಟಿಗೆ ಕೈಯೊಡ್ಡುತ್ತಿದ್ದವಳು ಅವಳೊಬ್ಬಳೇ. ಒಗೆದು, ಹೊಲಿದು, ಇಲ್ಲದವರಿಗೆ ಕೊಡುತ್ತಿದ್ದಳು. ಅವಳು ಎದುರಾದರೆ ಕೆಲವರು ದಾರಿ ಬದಲಿಸುತ್ತಿದ್ದರು. ಅವಳು ನಮ್ಮಪ್ಪನಿಗೆ ದೂರದ ಸಂಬಂಧದ ಅಕ್ಕ, ನಮ್ಮದು ಪಕ್ಕದ ಮನೆ. ಹಾಗಾಗಿ ನಾನು ಹೆದರುತ್ತಲೇ ಅವಳ ಅಂಗಳದಲ್ಲಿ ಬೆಳೆದೆ.

ಹೆದರಿಕೆ ಅವಳದಲ್ಲ, ಅವಳ ಹಿತ್ತಿಲಿನದು. ಹುಣಸೆ ಮರದ ನೆರಳಲ್ಲಿ, ಒಳಮೈ ಹೊರಗಾಗಿ ಅಂಗಿಗಳು ನೇತಾಡುತ್ತಿದ್ದವು. ಗಾಳಿ ಬೀಸಿದರೆ ತೋಳೆತ್ತುತ್ತಿದ್ದವು. ಮೊನ್ನೆ ಮೊನ್ನೆ ನಮ್ಮ ಬೀದಿಯಲ್ಲೇ ಓಡಾಡಿಕೊಂಡಿದ್ದವರ ಅಂಗಿಗಳು.

ಅವಳು ಬಟ್ಟೆಯನ್ನು ಕಲ್ಲಿಗೆ ಬಡಿದದ್ದನ್ನು ನಾನು ಕಾಣೆ. "ಒಗೆಯಾದು ಅಂದ್ರೆ ಒಡೆಯಾದಲ್ಲ ಕನವ್ವ," ಅನ್ನುತ್ತಿದ್ದಳು. ಅಂಟುವಾಳಕಾಯಿಯ ನೊರೆಯಲ್ಲಿ ನೆನೆಸಿ, ಮಗುವಿನ ಬೆನ್ನು ತಿಕ್ಕಿದ ಹಾಗೆ ತಿಕ್ಕುವುದು. ಬಣ್ಣ ಬಿಡುವ ಸೀರೆಗೆ ತಣ್ಣೀರು, ಚಿಟಿಕೆ ಉಪ್ಪು. ಸವೆದ ಕಾಲರನ್ನು ಬಿಚ್ಚಿ ಮಗುಚಿ ಹೊಲಿದರೆ ಅಂಗಿಗೆ ಹೊಸ ಕುತ್ತಿಗೆ. ಹರಿದ ಕಡೆಗೆ ಹೊರಗಿನ ದಾರ ಹಾಕುತ್ತಿರಲಿಲ್ಲ. ಅದೇ ಬಟ್ಟೆಯ ಅಂಚಿನ ಒಳಮಡಿಕೆಯಿಂದ ಎಳೆ ತೆಗೆದು ಹೊಲಿಯುತ್ತಿದ್ದಳು. ಹೊಲಿಯುವಾಗ ಬಟ್ಟೆಯ ಯಜಮಾನರ ಜೊತೆ ಮಾತು. "ನಿಂಗಿನ್ಯಾಕಪ್ಪ ಇದು? ಚಳಿ ಇದ್ದಾದಾ ಅಲ್ಲಿ? ಬುಡು ಮತ್ತೆ."

ಒಮ್ಮೆ ನಾನು ಕೇಳಿದೆ, "ಇದೆಲ್ಲ ಯಾಕತ್ತೆ ನಿಂಗೆ?"

ಅವಳು ಸೂಜಿ ನಿಲ್ಲಿಸದೆ ಹೇಳಿದಳು. "ನಂಗೊಂದ್ ಎಣ್ಮಗ ಇತ್ತು. ಜರ ಬಂದು ಓಯ್ತು. ಬಟ್ಟೆ ಎಲ್ಲಾನೂವೆ ಹಳ್ಳಕ್ ಎಸೆದ್ಬುಟ್ರು. ಒಂದ್ ಲಂಗ ಮುಳ್ಳಿಗೆ ಸಿಕ್ಕಂಡು ಮಳಗಾಲ ಪೂರಾ ಅಲ್ಲೇ ಆಡ್ತಿತ್ತು. ನೀರಿಗ್ ಓದಾಗೆಲ್ಲ ನಾ ನೋಡ್ತಿದ್ದಿ. ತಕ್ಕಬರಾಕೆ ಬುಡ್ನಿಲ್ಲ ನನ್ನ."



ನಮ್ಮಣ್ಣ ಸಿದ್ದರಾಜು ಹನೂರಿನಲ್ಲಿ ಟೆಂಪೋ ಓಡಿಸುತ್ತಿದ್ದ. ಬೈಕಿನಿಂದ ಬಿದ್ದು ತೀರಿಕೊಂಡ. ಅಪ್ಪ ಗಂಟು ಕಟ್ಟಿಕೊಂಡು ಹಳ್ಳದ ಕಡೆ ಹೊರಟಾಗ ಮಾದಮ್ಮತ್ತೆ ಜಗುಲಿಯಲ್ಲಿದ್ದಳು. ಏನೂ ಕೇಳಲಿಲ್ಲ. ಅವ್ವನೇ ಗಂಟು ಕಿತ್ತುಕೊಂಡು ಅವಳ ಮಡಿಲಿಗೆ ಹಾಕಿ ಒಳಗೆ ಹೋದಳು.

ಕೆಲವು ತಿಂಗಳಾದ ಮೇಲೆ ಅವ್ವನೂ ನಾನೂ ಹನೂರಿನ ಸಂತೆಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಜನರ ನಡುವೆ ನೀಲಿ ಚೌಕಳಿಯ ಅಂಗಿಯೊಂದು ಬೆನ್ನು ತಿರುಗಿಸಿ ನಡೆದು ಹೋಗುತ್ತಿತ್ತು. ಅವ್ವನ ಕೈಚೀಲ ನೆಲಕ್ಕೆ ಬಿತ್ತು. "ಸಿದ್ದಾ! ನಿಂತ್ಕಳ್ಲಾ, ಸಿದ್ದಾ!" ಎಂದು ಕೂಗುತ್ತಾ ಓಡಿದಳು. ನನಗೂ ಒಂದು ಕ್ಷಣ ಅವನೇ ಅನ್ನಿಸಿತು. ಆ ಅಂಗಿ ಅವನ ಹಾಗೆಯೇ ಎಡ ಹೆಗಲು ತಗ್ಗಿಸಿತ್ತು.

ತಿರುಗಿದವನು ಬೇರೆ ಯಾರೋ. ಒಡೆಯರಪಾಳ್ಯದ ಕಡೆ ಜೋಳದ ಹೊಲಗಳಲ್ಲಿ ಕೂಲಿ ಮಾಡುವ ಮುರುಗೇಶನೆಂದು ಆಮೇಲೆ ತಿಳಿಯಿತು. "ಏನಾಯ್ತಮ್ಮಾ?" ಎಂದ. ಅವ್ವ ಅವನ ತೋಳು ಹಿಡಿದುಕೊಂಡು ಅಲ್ಲೇ ಕುಸಿದಳು.

ಊರಿಗೆ ಬಂದವಳೇ ಮಾದಮ್ಮತ್ತೆಯ ಬಾಗಿಲಲ್ಲಿ ನಿಂತಳು. "ಅತ್ಗೆ, ನನ್ ಮಗನ್ನ ಬೀದಿ ಬೀದೀಲಿ ತಿರುಗ್ಸಕೆ ಕೊಟ್ನಾ ನಿಮ್ಗೆ?"

ಮಾದಮ್ಮತ್ತೆ ಸೂಜಿ ಕೆಳಗಿಟ್ಟು ಎದ್ದಳು. "ಇಸ್ಕಬತ್ತೀನಿ ಕನ ಗೌರಿ. ನಾಳೀಕೇ ಓಗಿ ಇಸ್ಕಬತ್ತೀನಿ."

ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ ಅವ್ವ ಅಡ್ಡ ನಿಂತಳು. ರಾತ್ರಿಯೆಲ್ಲ ಅತ್ತ ಕಣ್ಣು. "ಇಸ್ಕಬ್ಯಾಡಿ ಅತ್ಗೆ. ಅವ ಹಾಕ್ಕಳ್ಳಿ. ಹರಿದ್ರೆ ಮಾತ್ರ ನಿಮ್ ತಾವ್ಕೇ ತರಾಕ್ ಹೇಳಿ."

ಮುರುಗೇಶ ತರುತ್ತಿದ್ದ. ಗುಂಡಿ ಹೋದರೆ, ಜೋಳದ ಗರಿ ತಾಗಿ ತೋಳು ಸೀಳಿದರೆ, ಬಂದು ಅಂಗಿ ಬಿಚ್ಚಿಕೊಟ್ಟು ಬನಿಯನ್ನಿನಲ್ಲಿ ಹುಣಸೆ ಮರದ ಕೆಳಗೆ ಕೂರುತ್ತಿದ್ದ. ಅವ್ವ ಅವನಿಗೆ ಮುದ್ದೆ ಬಡಿಸಿ, ಬಂದು ಹೊಲಿಗೆ ನೋಡುತ್ತಾ ಕೂರುತ್ತಿದ್ದಳು. ಮೂವರೂ ಅಣ್ಣನ ಹೆಸರೆತ್ತುತ್ತಿರಲಿಲ್ಲ. ಅಂಗಿ ತೊಟ್ಟು ಅವನು ಹೊರಟಾಗ ಅವ್ವ ಬೀದಿಯ ತಿರುವಿನವರೆಗೂ ಆ ಬೆನ್ನನ್ನೇ ನೋಡುತ್ತಿದ್ದಳು. ಅಲ್ಲಿಂದೀಚೆಗೆ ಮಾದಮ್ಮತ್ತೆ ನಮ್ಮೂರಿನವರ ಬಟ್ಟೆಯನ್ನು ಹತ್ತಿರದಲ್ಲಿ ಯಾರಿಗೂ ಕೊಡಲಿಲ್ಲ. ಗಂಟು ಹೊತ್ತು ಬಸ್ಸು ಬದಲಿಸಿ ಯಳಂದೂರಿನ ಆಚೆ ಕೊಟ್ಟು ಬರುತ್ತಿದ್ದಳು. ಆದರೂ ಕೊಳ್ಳೇಗಾಲಕ್ಕೆ ಮದುವೆಯಾಗಿ ಬಂದ ನಾನು ಪೇಟೆಯಲ್ಲಿ ಜನರ ಬೆನ್ನು ನೋಡುತ್ತಾ ನಡೆಯುವುದನ್ನು ಬಿಟ್ಟಿಲ್ಲ.

ಮಾದಮ್ಮತ್ತೆಯನ್ನು ಕಡೆಯ ಸಲ ನೋಡಿದ್ದೂ ಅದೇ ಹಿತ್ತಿಲಲ್ಲಿ. ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಿಕೊಟ್ಟೆ. ಮುರುಗೇಶ ಬಂದಿದ್ದ. ಅಂಗಿಯ ನೀಲಿ ಬೂದಿಬಣ್ಣಕ್ಕೆ ತಿರುಗಿ, ಚೌಕಳಿ ಅಳಿಸಿಹೋಗಿತ್ತು. ಬೆನ್ನಿನ ಮೇಲೆ ಉದ್ದಕ್ಕೂ ಹರಿದಿತ್ತು. ಅವಳು ಒಂದು ಹೊಲಿಗೆ ಹಾಕಿ ಎಳೆದಳು. ಪಕ್ಕದಲ್ಲಿ ಬಟ್ಟೆ ಸದ್ದಿಲ್ಲದೆ ಬಿಟ್ಟುಕೊಂಡಿತು. ಇನ್ನೊಂದು ಹಾಕಿದಳು. ಅದೂ ಬಿಟ್ಟುಕೊಂಡಿತು.

"ದಾರ ಇಡಿತಿಲ್ಲ ಕನ ಗೌರಿ," ಎಂದಳು. "ಇನ್ನೊಂದ್ ಕಿತ ನೋಡ್ತೀನಿ ತಡಿ."

ಅವ್ವ ಅವಳ ಕೈಯಿಂದ ಸೂಜಿ ತೆಗೆದುಕೊಂಡಳು. ಅಂಗಿಯನ್ನು ಮಡಿಚಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಸಾಕು ಬುಡಿ ಅತ್ಗೆ. ಅವ್ನೂ ದಣಿದವ್ನೆ."

ಮುರುಗೇಶನಿಗೆ ಅಪ್ಪನ ಅಂಗಿಯೊಂದನ್ನು ಕೊಟ್ಟು ಕಳಿಸಿದೆವು.

ಈ ಬೇಸಿಗೆಯಲ್ಲಿ ಮಾದಮ್ಮತ್ತೆ ಹೋದಳು. ಸುದ್ದಿ ತಿಳಿದು ಹೋದ ನಾನು ಊರಲ್ಲೇ ಉಳಿದೆ. ಹಾಲುತುಪ್ಪದ ಮಾರನೆಯ ದಿನ ಅವಳ ತಮ್ಮನ ಮಕ್ಕಳು ಗಂಟು ಕಟ್ಟಿದ್ದರು. ಅವ್ವ ಹೋಗಿ ಜಗುಲಿಯಲ್ಲಿ ಕೂತಳು. ಬರುವಾಗ ಗಂಟು ಅವಳ ಸೊಂಟದ ಮೇಲಿತ್ತು. ಸಂಜೆ ಸೀರೆಗಳನ್ನು ಒಗೆದು ಹರವುತ್ತಿದ್ದಾಗ ಕೇಳಿದೆ, "ಯಾರಿಗ್ ಕೊಟ್ಟೀಯವ್ವ ಇವ್ಗಳ್ನ?"

ಅವ್ವ ಒದ್ದೆ ಸೆರಗಿನ ಸುಕ್ಕನ್ನು ಅಂಗೈಯಿಂದ ತೀಡುತ್ತಿದ್ದಳು.

"ಮೊದ್ಲು ಒಣಗ್ಲಿ ತಡಿ," ಎಂದಳು.