ಸುತ್ತೋ ಬಾಣ

ಪತ್ರ ಬಂದಿತ್ತು, ತಡೆದವಳು ನಾನೇ.

ಹರಿಹರದ ಶಾಲೆಯಿಂದ ಟೀಚರ್ ಕೆಲಸದ ಸಂದರ್ಶನಕ್ಕೆ ಈಮೇಲ್ ಬರುತ್ತದೆಂದು ನನ್ನ ಸೊಸೆ ನಾಲ್ಕು ದಿನ ಕಾದಳು. ಫೋನ್ ಟಿಣ್ ಅನ್ನಲೇ ಇಲ್ಲ. ಕೊನೆಗೆ ಇಬ್ಬರೂ ವಿನೋಬನಗರದ ಮೊಬೈಲ್ ರಿಪೇರಿಯವನ ಹತ್ತಿರ ಹೋದೆವು.

ಯಾವ ಫೋನ್ ಕೊಟ್ಟರೂ ಆತ ಮೊದಲು ಬಿಸಿ ರೊಟ್ಟಿ ಊದಿದಂಗೆ ಉಫ್ ಅಂತ ಊದಿ, ಅಂಗಿ ತುದಿಯಲ್ಲಿ ಒರೆಸುತ್ತಿದ್ದ. ಆಮೇಲೆ ಎಲ್ಲರಿಗೂ ಒಂದೇ ಮಾತು: “ತಪ್ಪು ಫೋನಿಂದಲ್ರಿ, ಕೈಯಿಂದು.”

ಅವತ್ತೂ ಅದನ್ನೇ ಹೇಳಿ, “ಸಿಂಕ್ ಅಂತಾರಲ್ಲ, ಈ ಸುತ್ತೋ ಬಾಣ, ಇದನ್ನ ಆಫ್ ಮಾಡಿದ್ಯಾರು?” ಅಂದ.

“ನಾನೇ. ಸುಮ್ನೆ ತಿರುಗಿ ಚಾರ್ಜ್ ತಿಂತಿತ್ತು.”

“ಅಯ್ಯೋ ಅಜ್ಜಿ, ಪತ್ರ ಬಂದೈತಾ ಅಂತ ಪೋಸ್ಟಾಫೀಸಿಗೆ ಹೋಗಿ ಕೇಳ್ಕೊಂಡು ಬರೋ ಆಳು ಅದು! ಆಳನ್ನೇ ಮನೇಲಿ ಕೂಡ್ರಿಸಿಬಿಟ್ಟೀರಲ್ಲ!”

ಬಾಣದ ಮೇಲೆ ಬೆರಳು ಒತ್ತಿದ. ಟಿಣ್, ಟಿಣ್, ಟಿಣ್! ನಾಲ್ಕು ದಿನದ ಪತ್ರಗಳು ಒಟ್ಟಿಗೇ ಬಿದ್ದವು.

“ಅತ್ತೆ, ನಾಳೆ ಹತ್ತು ಗಂಟೆಗೇ ಐತೆ!” ಸೊಸೆ ಚೀರಿದಳು. ಆತ ಸ್ಕ್ರೂಡ್ರೈವರ್ ಎಸೆದು ಬೀದಿಗೇ ಓಡಿ ಬಂದ. “ನಮ್ಮಕ್ಕನ್ನ ಹರಿಹರದೋರು ಕರದಾರ್ರೋ!” ಅಂತ ಪಕ್ಕದಂಗಡಿಗೆಲ್ಲ ಕೂಗಿದ.

ಮರುದಿನ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಸೊಸೆ, “ಓದಿದ್ದೆಲ್ಲ ಮರೆತೋಯ್ತು ಅತ್ತೆ” ಅಂತ ಅಳೋಕೆ ಶುರು ಮಾಡಿದಳು. ಅವಳ ಕೂಸನ್ನು ನನ್ನ ಸೊಂಟಕ್ಕೆ ಏರಿಸಿಕೊಂಡು, “ದಾರೀಲಿ ನೆನಪಾಗ್ತೈತೆ, ಹತ್ತು” ಅಂತ ಬಸ್ಸಿನೊಳಗೆ ದಬ್ಬಿದೆ.