ಬೋರ್ಡಣ್ಣ ತಪ್ಪಿ ಬರೆದ ಅಕ್ಷರ

ಊರಿನ ಅರ್ಧ ಅಂಗಡಿಗಳ ಹಣೆಬರಹ ಬರೆದವನು ಬೋರ್ಡಣ್ಣ. ಬಾಗಿಲ ಮೇಲೆ ಬರೆಯುವುದನ್ನು ಹಣೆಬರಹ ಅನ್ನದೆ ಇನ್ನೇನನ್ನಬೇಕು ಹೇಳಿ! ಅಕ್ಷರಕ್ಕೆ ಅವನು ಹಾಕಿದ ಕೊಂಬಿಗೆ ಒಂದು ಬಾಲ ಇರುತ್ತಿತ್ತು, ಖುಷಿಯಾದ ಬೆಕ್ಕು ಎತ್ತುತ್ತದಲ್ಲ, ಹಾಗೆ. ತನ್ನ ಹಣೆಬರಹವನ್ನು ಮಾತ್ರ ಪುಣ್ಯಾತ್ಮ ಬಾಟಲಿಯ ಕೈಗೆ ಕೊಟ್ಟುಬಿಟ್ಟಿದ್ದ. ಹೂವಿನ ಅಂಗಡಿಗೆ ‘ಹಾವಿನ ಅಂಗಡಿ’ ಎಂದು ಬರೆದ ಮೇಲೆ ಕರೆಯುವವರೂ ಕಡಿಮೆಯಾದರು. ಅಂದಿನಿಂದ ಬೋರ್ಡಿನ ಮೂಲೆಯಲ್ಲಿ ತನ್ನ ಹೆಸರು ಹಾಕುವುದನ್ನೇ ಬಿಟ್ಟಿದ್ದ.

ಮಗಳು ಹೊಲಿಗೆ ಅಂಗಡಿ ತೆರೆದಳು. ಬಾಗಿಲ ಮೇಲೆ ಖಾಲಿ ಹಲಗೆ ಹೊಡೆಸಿ, ಅಪ್ಪನನ್ನು ಮಿಷನ್ನಿನ ಮುಂದೆ ಕೂರಿಸಿಕೊಂಡಳು.

“ಅಪ್ಪಾ, ಇದನ್ನ ನೀನೇ ಬರೀಬೇಕು ಅಂತ ನನ್ನಾಸೆ. ಆದ್ರೆ ಈ ಭಾನುವಾರದಿಂದ ಮೂರು ತಿಂಗಳು ಒಂದು ತೊಟ್ಟೂ ಮುಟ್ಟಬಾರದು. ಮುಟ್ಟಿದ್ಯೋ, ಫ್ಲೆಕ್ಸ್ ಹಾಕಿಸ್ತೀನಿ.”

ಫ್ಲೆಕ್ಸ್! ಅವನ ಕಸುಬನ್ನು ನುಂಗಿ ನೀರು ಕುಡಿದ ಆ ಪ್ಲಾಸ್ಟಿಕ್ ಹಾಳೆ, ಸ್ವಂತ ಮಗಳ ಬಾಗಿಲ ಮೇಲೆ!

“ಒಬ್ಬನ ಕೈಲಿ ಆಗಲ್ಲ ಕಣೆ,” ಅಂದ ಬೋರ್ಡಣ್ಣ. ಎಷ್ಟೋ ವರ್ಷಗಳ ಮೇಲೆ ಹೇಳಿದ ನಿಜ ಅದು.

“ಒಬ್ನೇ ಯಾಕೆ? ಕುಡಿತ ಬಿಟ್ಟೋರು ಭಾನುವಾರ ಹತ್ತು ಗಂಟೆಗೆ ಲೈಬ್ರರಿ ಹಿಂದೆ ಸೇರ್ತಾರಂತೆ. ಹೋಗು.”

ಶನಿವಾರ ಸಂಜೆ, ಇದೇ ಕೊನೆ ಎಂದುಕೊಂಡು ಒಂದು ಕ್ವಾರ್ಟರ್ ಏರಿಸಿದ. ಭಾನುವಾರ ಸಿಡಿಯುವ ತಲೆ ಹೊತ್ತು ಹೊರಟ. ಲೈಬ್ರರಿಯ ಹಿಂದೆ ನೋಡಿದರೆ ಹತ್ತಾರು ಬಾಗಿಲು. ಕೇಳೋಣವೆಂದರೆ ಬಾಯಿ ಬಿಟ್ಟರೆ ಬಣ್ಣಗೇಡು, ಬಣ್ಣದವನಿಗಂತೂ ಇನ್ನೂ ಗೇಡು. ದಾರಿಹೋಕನೊಬ್ಬ “ಏನು ಹುಡುಕ್ತಿದ್ದೀರಾ?” ಅಂದಾಗ “ಬೀಗ ರಿಪೇರಿ” ಎಂದುಬಿಟ್ಟ. ಗ್ರಹಚಾರ ನೋಡಿ, ಆ ಸಾಲಿನಲ್ಲೇ ಬೀಗ ರಿಪೇರಿಯವನಿದ್ದ. ದಾರಿಹೋಕ ಕೈ ಹಿಡಿದು ಕರೆದುಕೊಂಡು ಹೋಗಿ ಬಿಟ್ಟೇ ಬಂದ.

“ಎಲ್ರೀ ಬೀಗ?” ಎಂದ ಬೀಗದವನು.

“ಮನೇಲಿದೆ.”

ಬೀಗದವನು ಕೀಲಿ ಉಜ್ಜುತ್ತಿದ್ದ ಅರದಿಂದ ತಲೆ ಎತ್ತಲಿಲ್ಲ. “ಭಾನುವಾರ ಬಂದ್ರೆ ಇಬ್ಬರಾದ್ರೂ ಬೀಗ ಇಲ್ದೆ ಬರ್ತಾರೆ. ಮೆಟ್ಟಿಲ ಪಕ್ಕ ನೀಲಿ ಬಾಗಿಲು. ಹೋಗಿ, ಇನ್ನೂ ಶುರುವಾಗಿಲ್ಲ.”

ನೀಲಿ ಬಾಗಿಲ ಮುಂದೆ ನಿಂತವನ ಕಾಲು ಮುಂದೆ ಹೋಗಲೊಲ್ಲದು. ಬಿಟ್ಟವರ ನಡುವೆ ನಿನ್ನೆ ಸಂಜೆಯಷ್ಟೇ ಕುಡಿದವನಿಗೆ ಏನು ಕೆಲಸ? ವಾಪಸ್ ಹೋಗೋಣವೆಂದು ತಿರುಗುವಾಗ ಮೇಲಿನ ಬೋರ್ಡು ಕಣ್ಣಿಗೆ ಬಿತ್ತು. ಬಾಲವೆತ್ತಿದ ಕೊಂಬು. ಅಯ್ಯೋ, ತನ್ನದೇ ಕೈಬರಹ! ಎಂಟು ವರ್ಷದ ಹಿಂದೆ ಯಾರೋ ಹಲಗೆಯ ಜೊತೆ ಚೀಟಿ ಕಳಿಸಿ ಬರೆಸಿದ್ದರು. ಚೀಟಿಯಲ್ಲಿದ್ದದ್ದು ‘ಕುಡಿತ ಬಿಟ್ಟವರ ಕೂಟ’. ಬೋರ್ಡಿನಲ್ಲಿದ್ದದ್ದು ‘ಕುಡಿದು ಬಿಟ್ಟವರ ಕೂಟ’.

ಬೋರ್ಡಣ್ಣ ಎರಡು ಸಲ ಓದಿದ. ಮೊದಲು ಮುಖ ಕೆಂಪಗಾಯಿತು, ಆಮೇಲೆ ಹೊಟ್ಟೆಯೊಳಗಿಂದ ನಗು ಬಂತು. ಕುಡಿದುಬಿಟ್ಟವನು ತಾನಲ್ಲದೆ ಇನ್ಯಾರು? ಬಾಗಿಲು ತಳ್ಳಿದ.

ಒಳಗೆ ಏಳೆಂಟು ಕುರ್ಚಿ. ಬೆಳ್ಳಿ ಕೂದಲಿನ ರಿಟೈರ್ಡ್ ನರ್ಸಮ್ಮ ಟೀ ಬಗ್ಗಿಸುತ್ತಿದ್ದಳು.

“ಅಮ್ಮಾ, ನಾನಿನ್ನೂ ಬಿಟ್ಟಿಲ್ಲ, ನಿನ್ನೇನೂ ಕುಡಿದೆ,” ಎಂದ ಬೋರ್ಡಣ್ಣ ಒಂದೇ ಉಸಿರಿಗೆ. “ಹೊರಗಿನ ಬೋರ್ಡು ಬರೆದೋನೂ ನಾನೇ. ಅದನ್ನೂ ಕುಡಿದೇ ಬರೆದಿದ್ದು.”

ಎಲ್ಲರೂ ಕೋಣೆಯೇ ಹಾರಿಹೋಗುವಂತೆ ನಕ್ಕರು. ಬಸ್ ಡ್ರೈವರೊಬ್ಬ ಕಣ್ಣೊರೆಸಿಕೊಂಡು, “ಮಹಾರಾಯ, ಬೋರ್ಡಲ್ಲಿ ಹೆಸರೂ ಇಲ್ಲ, ಬರೆಸಿದೋನೂ ಊರಲ್ಲಿಲ್ಲ, ಎಂಟು ವರ್ಷದಿಂದ ನಿನ್ನ ಹುಡುಕ್ತಿದ್ದೀವಿ!” ಅಂದ.

“ಬೈಯೋಕಾ?”

“ಮೊದಮೊದಲು ಬೈಯೋಕೇ. ಆಮೇಲೆ ನೋಡಿದ್ರೆ, ಅದನ್ನ ಓದಿ ಧೈರ್ಯ ಮಾಡಿ ಒಳಗೆ ಬಂದೋರೇ ಜಾಸ್ತಿ. ನಾನೂ ಹಾಗೇ ಬಂದೋನು.”

“ಆದ್ರೂ ತಪ್ಪು ತಪ್ಪೇ. ಇವತ್ತೇ ತಿದ್ದಿಕೊಡ್ತೀನಿ.”

“ಕೈ ಮುರೀತೀನಿ,” ಎಂದಳು ನರ್ಸಮ್ಮ, ಲೋಟ ಚಾಚುತ್ತಾ. “ಬಾಟಲಿನೂ ಮುಟ್ಟಬೇಡ, ಬೋರ್ಡೂ ಮುಟ್ಟಬೇಡ. ಕೂತ್ಕೋ.”

ಕೂತ. ಮುಂದಿನ ಭಾನುವಾರವೂ ಕೂತ. ನಡುವೆ ಒಂದು ಬುಧವಾರ ಬಾರಿನ ಬಾಗಿಲವರೆಗೆ ಹೋಗಿದ್ದನಂತೆ. ಒಳಗೆ ಹೋಗದೆ ಡ್ರೈವರಿಗೆ ಫೋನ್ ಮಾಡಿದ. ಅವನು ಬಂದು ಸಿಕ್ಕಾಪಟ್ಟೆ ಬೈದು ಊಟಕ್ಕೆ ಕರೆದುಕೊಂಡು ಹೋದ. ಇತ್ತ ಮಗಳ ಗಿರಾಕಿಗಳೆಲ್ಲ “ಬೋರ್ಡ್ ಯಾಕಮ್ಮ ಖಾಲಿ?” ಎಂದು ಕೇಳಿ ಸುಸ್ತಾದರು. “ನಮ್ಮಪ್ಪ ಬರೀತಾರೆ,” ಎನ್ನುತ್ತಿದ್ದಳು ಅವಳು.

ಮೂರು ತಿಂಗಳು ತುಂಬಿದ ದಿನ ಬೋರ್ಡಣ್ಣ ಏಣಿ ಹತ್ತಿದ. ಮೊದಲ ಗೆರೆಯನ್ನು ಒರೆಸಿ ಮತ್ತೆ ಎಳೆದ, ಎರಡನೆಯದು ಸಲೀಸಾಗಿ ಬಂತು. ಕೆಳಗಿನಿಂದ ಮಗಳು ಬೆರಳು ಮಾಡಿ ಒಂದೊಂದೇ ಅಕ್ಷರ ಓದಿದಳು: “ಹೊ... ಲಿ... ಗೆ... ಅಂ... ಗ... ಡಿ. ಸರಿಯಾಗಿದೆ! ಮೂಲೇಲಿ ಹೆಸರು ಹಾಕಪ್ಪ.”

ಬ್ರಷ್ ಹಿಡಿದ ಕೈ ಅಲ್ಲೇ ನಿಂತಿತು.

“ಅಳ್ತಿದ್ದೀಯೇನಪ್ಪ?”

“ಇಲ್ಲ ಕಣೆ, ಬಣ್ಣದ ಟರ್ಪೆಂಟೈನ್ ಘಾಟು.”

“ಕುಡಿಯೋದು ಬಿಟ್ಟೆ, ಸುಳ್ಳು ಹೇಳೋದು ಬಿಡಲಿಲ್ಲ ನೋಡು.”

ಬೋರ್ಡಣ್ಣ ಮೂಗೊರೆಸಿಕೊಂಡು, ಮೂಲೆಯಲ್ಲಿ ಸಣ್ಣ ಬ್ರಷ್ಷಿನಿಂದ ಎರಡೇ ಅಕ್ಷರ ಬರೆದು ಕೆಳಗಿಳಿದ. ಮಗಳು ಏಣಿ ಹತ್ತಿ ಹತ್ತಿರದಿಂದ ನೋಡಿದಳು. ‘ಅಪ್ಪ’ ಎಂದಿತ್ತು. ಅವಳಿಗೂ ಟರ್ಪೆಂಟೈನ್ ಘಾಟು ತಗುಲಿತು.